ನಂಬದವರ ಮುಂದೆ ಕೊನೆಯ ಜಾದೂ

ಪರದೆಯ ಮೇಲೆ ಶವಪೆಟ್ಟಿಗೆಯೊಂದು ನೆಟ್ಟಗೆ ನಿಂತಿದೆ. ಬಾಗಿಲು ತೆರೆದರೆ ಒಳಗೆ ಅಸ್ಥಿಪಂಜರ. ಮುಚ್ಚಿ ಮತ್ತೆ ತೆರೆದರೆ ಅದೇ ಜಾಗದಲ್ಲಿ ಚೆಲುವೆಯೊಬ್ಬಳು, ಜೀವಂತ. ಪಕ್ಕದಲ್ಲಿ ನಿಂತ ಜಾದೂಗಾರ ಫ್ರೋಸೋ ಸಭೆಗೆ ತಲೆಬಾಗುತ್ತಾನೆ. ಪೆಟ್ಟಿಗೆಯಿಂದ ಹೊರಬಂದವಳು ಆನಾ, ಅವನ ಹೆಂಡತಿ. ಈ ಪೆಟ್ಟಿಗೆಯ ಮೇಲೆ ಒಂದು ಕಣ್ಣಿಟ್ಟಿರಿ. ಇನ್ನೊಂದು ಗಂಟೆಯೊಳಗೆ ಇದು ಸಮುದ್ರದಾಚೆಯ ಕಾಡಿನಲ್ಲಿ ನಿಂತಿರುತ್ತದೆ. ಆಗ ಚಪ್ಪಾಳೆ ತಟ್ಟಲು ಅಲ್ಲಿ ಯಾರೂ ಇರುವುದಿಲ್ಲ.

ನಾವು ನೋಡುತ್ತಿರುವುದು ‘ವೆಸ್ಟ್ ಆಫ್ ಝಾಂಜಿಬಾರ್’. 1928ರಲ್ಲಿ ಎಂಜಿಎಂ ಸ್ಟುಡಿಯೋ ತೆಗೆದ, ಸುಮಾರು 65 ನಿಮಿಷದ ಮೂಕಿ ಚಿತ್ರ. ಮೂಕಿ ಅಂದರೂ ಪೂರಾ ಮೌನವಲ್ಲ. ‘ದಿ ಜಾಝ್ ಸಿಂಗರ್’ ಬಂದು ಒಂದು ವರ್ಷ ಕಳೆದಿತ್ತು. ಅಮೆರಿಕದ ಥಿಯೇಟರುಗಳು ಒಂದೊಂದಾಗಿ ಧ್ವನಿಯಂತ್ರ ಕೂರಿಸಿಕೊಳ್ಳುತ್ತಿದ್ದವು. ಹಾಗಾಗಿ ವಾದ್ಯಸಂಗೀತವನ್ನೂ ಕೆಲವು ಸದ್ದುಗಳನ್ನೂ ಚಿತ್ರಕ್ಕೆ ಹೊಂದಿಸಿ ಮುದ್ರಿಸಿದ್ದಾರೆ. ಪಾತ್ರಗಳ ಮಾತು ಮಾತ್ರ ಬರಹವಾಗಿ ಪರದೆಯ ಮೇಲೆ ಬಂದು ಹೋಗುತ್ತದೆ. ನಿರ್ದೇಶಕ ಟಾಡ್ ಬ್ರೌನಿಂಗ್, ಜಾದೂಗಾರನ ಪಾತ್ರದಲ್ಲಿ ಲಾನ್ ಚೇನಿ. ಬ್ರೌನಿಂಗ್ ಎಂದರೆ ಜನ ‘ಡ್ರಾಕುಲಾ’ ನೆನೆಯುತ್ತಾರೆ, ಚೇನಿ ಎಂದರೆ ‘ದಿ ಫ್ಯಾಂಟಮ್ ಆಫ್ ದಿ ಒಪೇರಾ’. ಇಬ್ಬರೂ ಕೂಡಿ ಮಾಡಿದ ಹತ್ತು ಚಿತ್ರಗಳಲ್ಲಿ ಒಂದಾದ ಈ ಕಾಡಿನ ಕಥೆ ಸಿನಿಮಾ ಇತಿಹಾಸದ ಅಂಚಿನಲ್ಲಿ ಉಳಿದಿದೆ.

ನಾಟಕಶಾಲೆಯ ಒಳಗೆ ಹೋಗೋಣ. ರಂಗದ ಹಿಂದೆ ಕ್ರೇನ್ ಎಂಬ ದಂತವ್ಯಾಪಾರಿ ಬಂದು ನಿಂತಿದ್ದಾನೆ. ಆನಾಳನ್ನು ಆಫ್ರಿಕಾಕ್ಕೆ ಕರೆದೊಯ್ಯುವುದು ಅವನ ಹವಣಿಕೆ. ಗಂಡನ ಮುಖ ನೋಡಿದರೆ ಅವಳಿಗೆ ಹೇಳಲು ಬಾಯೇ ಬರುವುದಿಲ್ಲ. ಹೇಳುವವನು ಕ್ರೇನ್. ಫ್ರೋಸೋ ಅಡ್ಡ ನಿಲ್ಲುತ್ತಾನೆ. ನೂಕಾಟ ನಡೆಯುತ್ತದೆ. ಮೇಲಿನ ಅಂತಸ್ತಿನ ಕಟಕಟೆ ಮುರಿದು ಅವನು ಕೆಳಗೆ ಬೀಳುತ್ತಾನೆ. ಬಿದ್ದವನ ಬೆನ್ನು ಮುರಿದಿದೆ. ಇನ್ನು ಅವನ ಕಾಲುಗಳು ಅವನ ಮಾತು ಕೇಳುವುದಿಲ್ಲ.

ಮುಂದಿನ ದೃಶ್ಯ ಚರ್ಚಿನೊಳಗೆ. ಆನಾ ಊರಿಗೆ ಮರಳಿದ್ದಾಳೆ ಎಂಬ ಸುದ್ದಿ ಕೇಳಿ ಫ್ರೋಸೋ ಕೈಯ ಬಲದ ಮೇಲೆ ತೆವಳಿಕೊಂಡು ಬರುತ್ತಾನೆ. ಮೇರಿ ಮಾತೆಯ ಮೂರ್ತಿಯ ಕೆಳಗೆ ಆನಾ ಸತ್ತು ಬಿದ್ದಿದ್ದಾಳೆ. ಪಕ್ಕದಲ್ಲಿ ಒಂದು ಹಸುಗೂಸು. ಕೂಸು ಕ್ರೇನ್‌ನದು ಎಂದು ಅವನು ಆ ಕ್ಷಣದಲ್ಲೇ ತೀರ್ಮಾನಿಸಿಬಿಡುತ್ತಾನೆ. ಯಾರನ್ನೂ ವಿಚಾರಿಸುವುದಿಲ್ಲ. ಕ್ರೇನ್‌ನ ಮೇಲೂ ಅವನ ಸಂತಾನದ ಮೇಲೂ ಹಗೆ ತೀರಿಸಿಕೊಳ್ಳುತ್ತೇನೆ ಎಂದು ಆ ಮೂರ್ತಿಯ ಮುಂದೆಯೇ ಶಪಥ ಮಾಡುತ್ತಾನೆ. ಕಥೆಯ ಉಳಿದ ಅನಾಹುತವೆಲ್ಲ ಕೇಳದೇ ಉಳಿದ ಈ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ಕಂಪನಿ ನಾಟಕ ನೋಡಿ ಬೆಳೆದವರಿಗೆ ಈ ಕಟ್ಟು ಹೊಸದೇನಲ್ಲ: ಅಂಕ ಒಂದರಲ್ಲಿ ತಪ್ಪಾಗಿ ಗುರುತಿಸಿದ ಮಗು ಕೊನೆಯ ಅಂಕದಲ್ಲಿ ಲೆಕ್ಕ ಕೇಳಲು ಬಂದೇ ಬರುತ್ತದೆ.

ಪರದೆ ಕಪ್ಪಾಗುತ್ತದೆ. ಹದಿನೆಂಟು ವರ್ಷ ಕಳೆದವು ಎಂದು ಬರಹ ತಿಳಿಸುತ್ತದೆ.

ಈಗ ನಾವು ಕಾಡಿನಲ್ಲಿದ್ದೇವೆ. ಗುಡಿಸಲು, ಬೆವರಿಗೆ ಮೈಗಂಟಿದ ಅಂಗಿಗಳು, ಬಾಟಲಿಗಳು, ಹೊರಗೆ ಬೆಂಕಿಯ ಸುತ್ತ ಕುಣಿಯುವ ಜನ. ಇದು ಆಫ್ರಿಕಾ ಎಂದು ಒಪ್ಪಿಕೊಳ್ಳಬೇಕು. ಕ್ಯಾಮೆರಾ ಇಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಕಲ್ವರ್ ಸಿಟಿಯ ಸ್ಟುಡಿಯೋದಲ್ಲಿ. ಆದರೂ ಸೆಟ್ಟಿನ ಹುಲ್ಲು, ಬಳ್ಳಿಗಳ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೆಲದ ಮೇಲೆ ಒಬ್ಬ ಮನುಷ್ಯ ಹರಿದಾಡುತ್ತಿದ್ದಾನೆ.

ಅವನೇ ಫ್ರೋಸೋ. ತಲೆ ಬೋಳು, ಮುಖ ಕಲ್ಲು. ಈಗ ಎಲ್ಲರೂ ಅವನನ್ನು ಕರೆಯುವುದು ಡೆಡ್-ಲೆಗ್ಸ್ ಎಂದು. ಸಾವಿರ ಮುಖಗಳ ನಟ ಎಂದು ಹೆಸರಾದ ಚೇನಿ ಇಲ್ಲಿ ಮುಖಕ್ಕೆ ಹೆಚ್ಚೇನೂ ಬಳಿದುಕೊಂಡಿಲ್ಲ. ಬೇಕಾದ್ದನ್ನೆಲ್ಲ ದೇಹದಿಂದಲೇ ತೆಗೆಯುತ್ತಾನೆ. ಅಂಗೈ ನೆಲಕ್ಕೆ ಊರುತ್ತಾನೆ, ಭುಜದ ಬಲದಿಂದ ಮುಂಡವನ್ನು ಎತ್ತಿ ಮುಂದಕ್ಕೆ ಎಸೆಯುತ್ತಾನೆ, ಕಾಲುಗಳು ತಮಗೆ ಸಂಬಂಧವಿಲ್ಲವೆಂಬಂತೆ ಹಿಂದೆ ಎಳೆದುಬರುತ್ತವೆ. ಗಾಲಿಕುರ್ಚಿ ಹತ್ತುವುದು, ಇಳಿಯುವುದು ಎಲ್ಲವೂ ತೋಳಿನ ಕೆಲಸ. ಒಮ್ಮೆಯೂ ಆ ಕಾಲಿನ ಒಂದು ಬೆರಳೂ ಮಿಸುಕಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಚೇನಿಯ ತಂದೆತಾಯಿ ಇಬ್ಬರೂ ಕಿವುಡರು. ಮನೆಯಲ್ಲಿ ಕೈ, ಕಣ್ಣು, ಹುಬ್ಬುಗಳಿಂದಲೇ ಮಾತಾಡಿ ಬೆಳೆದ ಹುಡುಗ ಅವನು. ಮೂಕಿ ಚಿತ್ರ ಅವನಿಗೆ ಮನೆಮಾತಿನಲ್ಲೇ ಸಿಕ್ಕ ಉದ್ಯೋಗ.

ಡೆಡ್-ಲೆಗ್ಸ್‌ನ ಕಸುಬು ಕಳ್ಳತನ. ಕ್ರೇನ್‌ನ ಆಳುಗಳು ಆನೆದಂತ ಹೊತ್ತು ಕಾಡಿನ ಹಾದಿಯಲ್ಲಿ ಬರುತ್ತಾರೆ. ಪೊದೆಯ ಮರೆಯಿಂದ ವಿಕಾರ ಭೂತವೊಂದು ಎದ್ದು ನಿಲ್ಲುತ್ತದೆ. ಹೊರೆಯಾಳುಗಳು ದಂತವನ್ನು ಅಲ್ಲೇ ಒಗೆದು ಓಡುತ್ತಾರೆ. ಭೂತ ಡೆಡ್-ಲೆಗ್ಸ್ ಕಡೆಯ ಒಬ್ಬ ಬಿಳಿಯ. ವೇಷದ ಒಳಗಿನ ಮನುಷ್ಯನನ್ನು ಬ್ರೌನಿಂಗ್ ನಮಗೆ ತೋರಿಸುತ್ತಾನೆ, ಮುಚ್ಚಿಡುವುದಿಲ್ಲ. ಈ ಕಾಡಿನ ದೇವರು, ದೆವ್ವ, ಮಂತ್ರ ಎಲ್ಲವೂ ಜಾದೂಗಾರನ ಹಳೆಯ ಪೆಟ್ಟಿಗೆಯಿಂದ ಬಂದವು. ಅವುಗಳಿಂದಲೇ ಅವನು ಸುತ್ತಣ ಜನರ ಮೇಲೆ ಯಜಮಾನಿಕೆ ನಡೆಸುತ್ತಾನೆ.

ದಂತಗಳು ನೆಲಕ್ಕೆ ಬಿದ್ದ ಈ ಚಿತ್ರವನ್ನು ಒಂದು ಗಳಿಗೆ ಕಣ್ಣಲ್ಲಿ ಹಿಡಿದಿಟ್ಟುಕೊಳ್ಳೋಣ. ಇಡೀ ಸಿನಿಮಾದಲ್ಲಿ ಇತಿಹಾಸಕ್ಕೆ ಅತ್ಯಂತ ಹತ್ತಿರವಾದ ದೃಶ್ಯ ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಝಾಂಜಿಬಾರ್ ದಂತದ ಬಹು ದೊಡ್ಡ ಪೇಟೆ. ಒಳನಾಡಿನಿಂದ ಸಮುದ್ರದಂಡೆಯ ಬಾಗಮೋಯೋವರೆಗೆ ಸರಕು ಬರುತ್ತಿದ್ದುದು ಮನುಷ್ಯರ ಹೆಗಲ ಮೇಲೆ. ಝಾಂಜಿಬಾರ್‌ನಲ್ಲೇ ಗುಲಾಮರ ಸಂತೆಯೂ ಇತ್ತು; ಅದು ಮುಚ್ಚಿದ್ದು 1873ರಲ್ಲಿ. ಈ ವ್ಯಾಪಾರದಲ್ಲಿ ನಮ್ಮ ದೇಶದವರ ಪಾಲೂ ಸಣ್ಣದಲ್ಲ. ಕಛ್‌ನಿಂದ ಹೋದ ವರ್ತಕರು ಅಲ್ಲಿ ಸಾಲ ಕೊಡುತ್ತಿದ್ದರು. ಜೈರಾಮ್ ಶಿವಜಿಯ ಕೋಠಿ ಸುಲ್ತಾನನಿಂದ ಸುಂಕ ವಸೂಲಿಯ ಗುತ್ತಿಗೆಯನ್ನೇ ಹಿಡಿದಿತ್ತು. ದಂತದ ಒಂದು ಭಾಗ ಮುಂಬಯಿಗೆ ಬಂದು ಇಲ್ಲಿನ ಹೆಂಗಸರ ಕೈಗೆ ಬಳೆಯಾಯಿತು. ಇನ್ನೊಂದು ಭಾಗ ಯುರೋಪ್, ಅಮೆರಿಕ ಸೇರಿ ಪಿಯಾನೋದ ಬಿಳಿ ಮನೆಗಳಾಯಿತು, ಬಿಲಿಯರ್ಡ್ಸ್ ಚೆಂಡುಗಳಾಯಿತು. 1928ರಲ್ಲಿ ಈ ಚಿತ್ರ ನೋಡಿದ ಅಮೆರಿಕನ್ ಕುಟುಂಬವೊಂದು ಮನೆಗೆ ಹೋಗಿ ಪಿಯಾನೋ ಮುಂದೆ ಕೂತಿದ್ದರೆ, ಬೆರಳು ಇಟ್ಟದ್ದು ಬಹುಶಃ ಅಂಥದೇ ಹೊರೆಯ ಒಂದು ತುಣುಕಿನ ಮೇಲೆ. ಚಿತ್ರ ಅದನ್ನು ಹೇಳುವುದಿಲ್ಲ. ದಂತ ಇಲ್ಲಿ ಇಬ್ಬರು ಬಿಳಿಯರ ಜಗಳದ ನೆಪ ಅಷ್ಟೆ.

ಹೊರೆಯಾಳುಗಳ ಮುಖ ಕಾಣುತ್ತದೆಯೇ ಎಂದು ಹುಡುಕಿ. ಕಾಣುವುದು ಹೊಳೆಯುವ ಬೆನ್ನುಗಳು, ಎತ್ತಿದ ಕೈಗಳು, ಗುಂಪು. ಇವರೂ ಆಫ್ರಿಕಾದಿಂದ ಬಂದವರಲ್ಲ. ಇಂಥ ಕಾಡಿನ ಚಿತ್ರಗಳಿಗೆ ಸ್ಟುಡಿಯೋಗಳು ಲಾಸ್ ಏಂಜಲೀಸ್‌ನ ಕಪ್ಪು ಜನರನ್ನು ದಿನಗೂಲಿಯ ಮೇಲೆ ಕರೆಸಿಕೊಳ್ಳುತ್ತಿದ್ದವು. ಊರಿನಲ್ಲಿ ಬೇರೆ ಬೇರೆ ಕೆಲಸ ಮಾಡಿಕೊಂಡು ಇಂಗ್ಲಿಷ್ ಆಡುತ್ತಿದ್ದ, ಭಾನುವಾರ ಚರ್ಚಿಗೆ ಹೋಗುತ್ತಿದ್ದ ಅಮೆರಿಕನ್ನರು ಇಲ್ಲಿ ಬೆಂಕಿಯ ಸುತ್ತ ಕೇಕೆ ಹಾಕಬೇಕಿತ್ತು. ಹೆಸರಿನ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. ಇದು ಈ ಚಿತ್ರದ ಅನ್ಯಾಯ, ಇಂಥ ನೂರಾರು ಚಿತ್ರಗಳ ಅನ್ಯಾಯ. ಕಾಲ ಹಳೆಯದು ಎಂದು ಹೇಳಿ ಅದನ್ನು ತೊಳೆದುಹಾಕಲು ಬರುವುದಿಲ್ಲ.

ಕಥೆ ಮುಂದೆ ಹೋಗುತ್ತದೆ. ಮೇಜಿ ಬರುತ್ತಾಳೆ. ಚರ್ಚಿನಲ್ಲಿ ಸಿಕ್ಕ ಆ ಕೂಸು ಇವಳು. ಡೆಡ್-ಲೆಗ್ಸ್ ಅವಳನ್ನು ಝಾಂಜಿಬಾರ್‌ನ ಕೀಳು ಹೆಂಡದಂಗಡಿಯೊಂದರಲ್ಲಿ ಬೆಳೆಯಲು ಬಿಟ್ಟಿದ್ದ. ಈಗ ತಂದೆಯನ್ನು ನೋಡುವ ಆಸೆ ತೋರಿಸಿ ಕರೆಸಿಕೊಂಡಿದ್ದಾನೆ. ಮೇರಿ ನೋಲನ್ ಈ ಪಾತ್ರವನ್ನು ಮಾಡಿದ್ದಾಳೆ. ಮೊದಲು ಬಂದಾಗ ಅವಳ ಕಣ್ಣಲ್ಲಿ ಸಣ್ಣ ಬೆಳಕಿದೆ. ಒಬ್ಬ ಅಪ್ಪ ಇದ್ದಾನಂತೆ ಎಂಬ ಬೆಳಕು. ಅದನ್ನು ಆರಿಸುವುದೇ ಡೆಡ್-ಲೆಗ್ಸ್‌ನ ಸೇಡು. ಅವಮಾನ ಮಾಡುತ್ತಾನೆ, ಬ್ರಾಂದಿಯ ಚಟಕ್ಕೆ ನೂಕುತ್ತಾನೆ. ಕೆಲವೇ ದೃಶ್ಯಗಳಲ್ಲಿ ಅವಳ ಕೂದಲು ಕೆದರುತ್ತದೆ, ಕೈ ನಡುಗುತ್ತದೆ, ಗ್ಲಾಸಿಗಾಗಿ ಕೈಚಾಚುತ್ತಾಳೆ. ಅವಳ ಕಡೆ ನಿಲ್ಲುವವನು ಒಬ್ಬನೇ. ಕುಡಿದು ಕೆಟ್ಟ ಒಬ್ಬ ವೈದ್ಯ, ಹೆಸರು ಡಾಕ್. ವಾರ್ನರ್ ಬ್ಯಾಕ್ಸ್ಟರ್ ಅವನನ್ನು ಅಬ್ಬರವಿಲ್ಲದೆ ಆಡಿದ್ದಾನೆ. ಅವಳನ್ನು ಬದುಕಿಸುವ ನೆಪದಲ್ಲಿ ತಾನೂ ಬಾಟಲಿ ಬಿಡುವ ಹಾದಿ ಹಿಡಿಯುತ್ತಾನೆ.

ಈ ಭಾಗ ನೋಡುವುದು ಸುಲಭವಲ್ಲ. ಹಿಂಸೆ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಅಂದಾಜಿಗೆ ಬರುತ್ತದೆ. ಚಿತ್ರಕ್ಕೆ ಮೂಲವಾದ ‘ಕಾಂಗೋ’ ನಾಟಕ 1926ರಲ್ಲಿ ಬ್ರಾಡ್‌ವೇಯಲ್ಲಿ ಆಡಿದ್ದು. ಅದರಲ್ಲಿ ಈ ಕುಂಟನ ಪಾತ್ರ ವಾಲ್ಟರ್ ಹ್ಯೂಸ್ಟನ್‌ನದು. 1932ರಲ್ಲಿ ಎಂಜಿಎಂ ಅದೇ ಕಥೆಯನ್ನು ‘ಕಾಂಗೋ’ ಹೆಸರಿನಲ್ಲೇ ಟಾಕಿಯಾಗಿ ಮತ್ತೆ ತೆಗೆದಾಗಲೂ ಹ್ಯೂಸ್ಟನ್ನೇ ಬಂದ. ಆ ಚಿತ್ರ ಇದಕ್ಕಿಂತ ಕ್ರೂರ. ಇಲ್ಲಿ ಮಾತಿಲ್ಲದ ಕಾರಣ ಮುಖಗಳೇ ಎಲ್ಲ ಹೊರೆ ಹೊರಬೇಕು. ಹಾಗಾಗಿ ಕ್ರೌರ್ಯದ ಒಳಗಿನ ನೋವೂ ನಮಗೆ ತಾಕುತ್ತದೆ.

ಈಗ ಕ್ರೇನ್ ಬರುತ್ತಾನೆ. ತನ್ನ ದಂತ ಕದಿಯುವವನು ಯಾರು ಎಂದು ಅವನಿಗೆ ತಿಳಿದಿದೆ; ಡೆಡ್-ಲೆಗ್ಸ್ ಬೇಕೆಂದೇ ತಿಳಿಯುವಂತೆ ಮಾಡಿದ್ದಾನೆ. ಹದಿನೆಂಟು ವರ್ಷ ಕಾದ ಗಳಿಗೆ ಇದು. ಮೇಜಿಯನ್ನು ತೋರಿಸುತ್ತಾನೆ: ನೋಡು, ನಿನ್ನ ಮಗಳು, ನಾನು ಇವಳನ್ನು ಏನು ಮಾಡಿದ್ದೇನೆ ನೋಡು. ಲಯನೆಲ್ ಬ್ಯಾರಿಮೋರ್‌ನ ಕ್ರೇನ್ ಮುಖ ಮುಚ್ಚಿಕೊಳ್ಳುತ್ತಾನೆ. ಅವನ ಭುಜ ಅದುರುತ್ತದೆ. ಡೆಡ್-ಲೆಗ್ಸ್ ಕುತ್ತಿಗೆ ಚಾಚಿ ಅದನ್ನು ಸವಿಯುತ್ತಾನೆ. ಅಳು, ಇನ್ನೂ ಅಳು ಎನ್ನುವ ಆಸೆ ಆ ಬೋಳುತಲೆಯ ಮುಖದ ತುಂಬ. ಕ್ರೇನ್ ಕೈ ತೆಗೆಯುತ್ತಾನೆ. ಅವನು ನಗುತ್ತಿದ್ದಾನೆ.

ಆನಾ ನನ್ನ ಜೊತೆ ಬರಲೇ ಇಲ್ಲ ಎನ್ನುತ್ತಾನೆ ಕ್ರೇನ್. ನಿನಗಾದ ಗತಿ ತಿಳಿದ ಮೇಲೆ ಅವಳು ನನ್ನನ್ನು ದ್ವೇಷಿಸಿದಳು. ಈ ಹುಡುಗಿ ನಿನ್ನ ಮಗಳು.

ಇಲ್ಲಿ ಕಣ್ಣು ಮಿಟುಕಿಸಬೇಡಿ. ಚೇನಿಯ ಮುಖದಲ್ಲಿ ಆಗುವುದನ್ನು ನೋಡಿ. ಗೆಲುವಿನ ನಗೆ ತುಟಿಯ ಮೇಲೇ ಇದೆ, ಇನ್ನೂ ಇಳಿದಿಲ್ಲ. ಕಣ್ಣು ಮಾತ್ರ ಆಗಲೇ ಬೇರೆ ಕಡೆ ಹೋಗಿದೆ. ಸುಳ್ಳು ಹೇಳುತ್ತಿದ್ದಾನೆ ಎಂದು ನಂಬಲು ಒಂದು ಕ್ಷಣ ಹೆಣಗುತ್ತಾನೆ, ಆಗುವುದಿಲ್ಲ. ನಗೆ ಮುಖದಿಂದ ಹೋಗುವುದಿಲ್ಲ. ಹೋಗಲು ತಿಳಿಯದೆ ಅಲ್ಲೇ ಕೊಳೆಯುತ್ತದೆ. ಆಮೇಲೆ ಇಡೀ ಮುಖ ಒಳಕ್ಕೆ ಕುಸಿಯುತ್ತದೆ. ಒಂದು ಮಾತೂ ಇಲ್ಲದೆ, ಒಬ್ಬ ಮನುಷ್ಯ ತನ್ನ ಮಗಳ ಹದಿನೆಂಟು ವರ್ಷವನ್ನು ಒಟ್ಟಿಗೆ ನೆನಪಿಸಿಕೊಂಡದ್ದು ನಮಗೆ ಕಾಣುತ್ತದೆ. ಹೆಂಡದಂಗಡಿಗೆ ಬಿಟ್ಟವನು ಯಾರು, ಬ್ರಾಂದಿ ಕೊಟ್ಟವನು ಯಾರು ಎಂದು ಅವನು ಎಣಿಸುತ್ತಿದ್ದಾನೆ. ಕಥೆಯ ಈ ತಿರುವು ಎಷ್ಟು ಹಳೆಯದಾದರೂ ಸರಿ, ಇದನ್ನು ನೋಡುತ್ತ ಯಾರಿಗೂ ಅದು ನೆನಪಾಗುವುದಿಲ್ಲ.

ತಡವಾಗಿದೆ. ಡೆಡ್-ಲೆಗ್ಸ್ ಹೂಡಿದ ಸಂಚು ತನ್ನಷ್ಟಕ್ಕೆ ಓಡುತ್ತಿದೆ: ಕಾಡಿನವರ ಗುಂಡು ಕ್ರೇನ್‌ಗೆ ತಗುಲಿದೆ. ಗಂಡಸು ಸತ್ತರೆ ಅವನ ಹೆಂಡತಿಯನ್ನೋ ಮಗಳನ್ನೋ ಅವನ ಚಿತೆಯಲ್ಲಿ ಸುಡುವುದು ಈ ಜನರ ಕಟ್ಟಳೆ ಎಂದು ಚಿತ್ರ ಮೊದಲೇ ಹೇಳಿಟ್ಟಿದೆ. ಮೇಜಿಯನ್ನು ಕ್ರೇನ್‌ನ ಮಗಳೆಂದು ಅವರಿಗೆ ನಂಬಿಸಿದವನು ಡೆಡ್-ಲೆಗ್ಸ್. ಕೊನೆಯ ಸೇಡಿಗೆಂದೇ ಅವನು ಆ ಕಟ್ಟಳೆಯನ್ನು ಕಾಯ್ದಿಟ್ಟುಕೊಂಡಿದ್ದ.

ಭಾರತದ ಪ್ರೇಕ್ಷಕನಿಗೆ ಈ ಕಟ್ಟಳೆ ಕಂಡೊಡನೆ ಗುರುತು ಸಿಗುತ್ತದೆ. ಇದು ನಮ್ಮ ಸತಿ ಪದ್ಧತಿ. ಗವರ್ನರ್ ಜನರಲ್ ಬೆಂಟಿಂಕ್ 1829ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದ. ಆದರೆ ಪಶ್ಚಿಮದ ಕಥೆಗಾರರಿಗೆ ಅದು ಮುಗಿಯದ ಬಂಡವಾಳವಾಯಿತು. 1873ರಲ್ಲಿ ಜೂಲ್ಸ್ ವರ್ನ್ ತನ್ನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯ ನಾಯಕನ ಸೇವಕನ ಕೈಯಿಂದ ಭಾರತದ ಕಾಡಿನಲ್ಲಿ ಒಬ್ಬ ವಿಧವೆಯನ್ನು ಚಿತೆಯಿಂದ ಬಿಡಿಸಿದ. ಐವತ್ತೈದು ವರ್ಷದ ಮೇಲೆ ಹಾಲಿವುಡ್ ಅದೇ ಚಿತೆಯನ್ನು ಎತ್ತಿ ಪೂರ್ವ ಆಫ್ರಿಕಾದಲ್ಲಿ ಇಟ್ಟಿದೆ. ಯಾವ ನಾಡು, ಯಾವ ಜನ ಎಂಬ ವಿವರ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಬೆಂಕಿ, ಒಬ್ಬ ಬಿಳಿಯ ಹುಡುಗಿ, ಸುತ್ತ ಕಪ್ಪು ಗುಂಪು. ಒಬ್ಬರ ಪಾಪವನ್ನು ಇನ್ನೊಬ್ಬರ ಹೆಸರಿಗೆ ಬರೆದು ಇಡೀ ಖಂಡವನ್ನು ಹೀಗೆ ಅಳೆದುಬಿಟ್ಟರು. ಈ ದೃಶ್ಯದಲ್ಲಿ ಹೊಟ್ಟೆ ತೊಳಸುವುದು ಚಿತೆಯ ಕಾರಣಕ್ಕಿಂತ ಈ ಸಲೀಸುತನದ ಕಾರಣಕ್ಕೆ.

ಹೊರಗೆ ಡೋಲು, ಪಂಜು. ಮೇಜಿಯನ್ನು ಒಪ್ಪಿಸು ಎಂದು ಜನ ಬಂದು ನಿಂತಿದ್ದಾರೆ. ಒಳಗೆ ಡೆಡ್-ಲೆಗ್ಸ್‌ನ ಬಳಿ ಉಳಿದಿರುವುದು ಒಂದೇ ಆಸ್ತಿ, ಹಳೆಯ ಶವಪೆಟ್ಟಿಗೆ. ಅದರ ಮುಂದೆ ಈಗ ಇರುವವನು ಫ್ರೋಸೋ, ಡೆಡ್-ಲೆಗ್ಸ್ ಅಲ್ಲ ಎನಿಸುತ್ತದೆ. ಮಗಳನ್ನು ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾನೆ. ನಾನೇ ನಿನ್ನ ಅಪ್ಪ ಎಂಬ ಮಾತು ಅವನ ಬಾಯಿಂದ ಬರುವುದಿಲ್ಲ. ಹೇಳುವ ಹಕ್ಕು ಕಳೆದುಕೊಂಡಿದ್ದೇನೆ ಎಂಬುದು ಅವನಿಗೆ ಗೊತ್ತು. ಬಾಗಿಲು ಮುಚ್ಚುತ್ತದೆ. ಅವಳು ಹಿಂದಿನಿಂದ ಪಾರಾಗುತ್ತಾಳೆ. ಡಾಕ್ ಮತ್ತು ಉಳಿದವರ ಜೊತೆ ಅಲ್ಲಿಂದ ತಪ್ಪಿಸಿಕೊಳ್ಳುತ್ತಾಳೆ. ಬಾಗಿಲು ತೆರೆಯುತ್ತದೆ, ಒಳಗೆ ಅಸ್ಥಿಪಂಜರ. ದುಷ್ಟಶಕ್ತಿ ಹುಡುಗಿಯನ್ನು ಒಯ್ದಿತು ಎಂದು ಅವನು ಗುಂಪಿಗೆ ಸಾರುತ್ತಾನೆ.

ಈ ಪೆಟ್ಟಿಗೆಯ ಗುಟ್ಟು ಬ್ರೌನಿಂಗ್‌ಗೆ ಪುಸ್ತಕದಿಂದ ತಿಳಿದದ್ದಲ್ಲ. ಹದಿಹರೆಯದಲ್ಲಿ ಅವನು ಕೆಂಟಕಿಯ ಲೂಯಿವಿಲ್‌ನ ಮನೆ ಬಿಟ್ಟು ಊರೂರು ಸುತ್ತುವ ಜಾತ್ರೆ ಪ್ರದರ್ಶನಗಳ ಜೊತೆ ಸೇರಿಕೊಂಡ. ಅಲ್ಲಿ ಅವನು ಮಾಡಿದ ಆಟಗಳಲ್ಲೊಂದು ಜೀವಂತ ಶವದ್ದು: ಪೆಟ್ಟಿಗೆಯಲ್ಲಿ ಮಲಗಿ, ದುಡ್ಡು ಕೊಟ್ಟ ಜನರ ಕಣ್ಣೆದುರು ಮಣ್ಣಿನಡಿ ಹೂಳಿಸಿಕೊಂಡು, ಮತ್ತೆ ಎದ್ದು ಬರುವುದು. ಹೂತ ಪೆಟ್ಟಿಗೆಯ ಕತ್ತಲಲ್ಲಿ ಮಲಗಿದವನಿಗೆ ಮೇಲೆ ನಿಂತವರ ನಂಬಿಕೆಯ ಬೆಲೆ ಎಷ್ಟು ಎಂಬುದು ಗೊತ್ತಿರುತ್ತದೆ. ನಂಬಿಸುವವನ ಕಥೆಯನ್ನು ಅವನಷ್ಟು ಒಳಗಿನಿಂದ ಹೇಳಬಲ್ಲವರು ಹಾಲಿವುಡ್‌ನಲ್ಲಿ ಹೆಚ್ಚು ಜನ ಇರಲಿಲ್ಲ.

ಹಾಗಾಗಿಯೇ ಮುಂದಿನ ಕ್ಷಣ ಅಷ್ಟು ದೊಡ್ಡದಾಗುತ್ತದೆ. ಗುಂಪು ಓಡುವುದಿಲ್ಲ, ಅಡ್ಡ ಬೀಳುವುದಿಲ್ಲ. ಅಸ್ಥಿಪಂಜರವನ್ನು ನೋಡುತ್ತದೆ, ಡೆಡ್-ಲೆಗ್ಸ್‌ನನ್ನು ನೋಡುತ್ತದೆ. ನಂಬುವುದಿಲ್ಲ. ಒಂದು ಗಂಟೆಯಿಂದ ಈ ಚಿತ್ರ ನಮಗೆ ಹೇಳಿಕೊಂಡು ಬಂದದ್ದು ಏನು? ಇವರು ಮುಗ್ಧರು, ಒಂದು ಮುಖವಾಡ ಕಂಡರೆ ದಂತ ಬಿಟ್ಟು ಓಡುವವರು ಎಂದು. ಈಗ ಅದೇ ಜನ ಹತ್ತಿರ ಬರುತ್ತಿದ್ದಾರೆ, ಅವರ ಕಣ್ಣಲ್ಲಿ ಭಯವಿಲ್ಲ. ಹೆಸರಿಲ್ಲದ, ದಿನಗೂಲಿಯ ಆ ನಟರು ಮೊದಲ ಸಲ ವ್ಯಕ್ತಿಗಳಾಗಿ ನಿಲ್ಲುತ್ತಾರೆ. ಬ್ರೌನಿಂಗ್ ಇದನ್ನು ಬೇಕೆಂದು ಮಾಡಿದನೋ ಕಥೆಯ ಅಗತ್ಯಕ್ಕೆ ಮಾಡಿದನೋ, ಪರದೆಯ ಮೇಲೆ ಆದದ್ದು ಇದು: ವರ್ಷಗಟ್ಟಲೆ ಮೋಸಕ್ಕೆ ಒಳಗಾದವರು ಮೋಸಗಾರನನ್ನು ಗುರುತಿಸಿದರು. ಅವನು ಬದುಕಿನಲ್ಲಿ ಮೊದಲ ಬಾರಿ ಒಳ್ಳೆಯದಕ್ಕಾಗಿ ಹೂಡಿದ ಆಟವನ್ನೇ ಗುರುತಿಸಿದ್ದು ಅವನ ದುರಂತ. ಗುಂಪು ಅವನನ್ನು ಮುಚ್ಚಿಕೊಳ್ಳುತ್ತದೆ.

ಚಿತ್ರ ಮುಗಿಯಿತು. ಚೇನಿ ಇದಾದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಒಂದೇ ಒಂದು ಟಾಕಿ ಮಾಡಿ 1930ರ ಆಗಸ್ಟ್‌ನಲ್ಲಿ, 47ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನನ್ನು ಕಟಕಟೆಯಿಂದ ನೂಕಿದ ಬ್ಯಾರಿಮೋರ್ ಮುಂದೆ ಸೊಂಟದ ಪೆಟ್ಟು ಮತ್ತು ಸಂಧಿವಾತದಿಂದ ನಡೆಯಲಾರದೆ ವರ್ಷಗಟ್ಟಲೆ ಗಾಲಿಕುರ್ಚಿಯಲ್ಲೇ ಕೂತು ನಟಿಸಿದ. ಬ್ರೌನಿಂಗ್ 1932ರಲ್ಲಿ ಜಾತ್ರೆಯ ಕಲಾವಿದರನ್ನೇ ಇಟ್ಟು ‘ಫ್ರೀಕ್ಸ್’ ತೆಗೆದ.

ಇಂಥ ಚಿತ್ರಗಳ ಬಗ್ಗೆ ಎರಡು ಮಾತು ಸಾಮಾನ್ಯವಾಗಿ ಕೇಳಿಬರುತ್ತವೆ. ಹಳೆಯ ಕಾಲದ್ದು, ಬಿಟ್ಟುಬಿಡಿ ಎನ್ನುವುದು ಒಂದು. ಜನಾಂಗದ್ವೇಷ ತುಂಬಿದೆ, ತೋರಿಸಬೇಡಿ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ‘ವೆಸ್ಟ್ ಆಫ್ ಝಾಂಜಿಬಾರ್’ ಆಫ್ರಿಕಾದ ಬಗ್ಗೆ ಹೇಳುವುದೆಲ್ಲ ಸುಳ್ಳು. ಆಫ್ರಿಕಾಕ್ಕೆ ಹೋಗಿ ದೇವರ ವೇಷ ಹಾಕಿ ದಂತ ದೋಚಿದವರ ಬಗ್ಗೆ ಹೇಳುವುದು ನಿಜ. ಚೇನಿಯ ಮುಖ ಕುಸಿಯುವ ಆ ಕೆಲವು ಕ್ಷಣಗಳು ಸಿನಿಮಾ ನಟನೆ ಮುಟ್ಟಿದ ಎತ್ತರಗಳಲ್ಲಿ ಒಂದು. ಸುಳ್ಳು, ನಿಜ, ಎತ್ತರ ಮೂರೂ ಒಂದೇ ರೀಲಿನಲ್ಲಿ ಸುತ್ತಿಕೊಂಡಿವೆ. ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಇಡಿಯಾಗಿ ನೋಡಬೇಕು, ಕಣ್ಣು ತೆರೆದು ನೋಡಬೇಕು.

1928ರ ಅಮೆರಿಕನ್ ಚಿತ್ರಗಳ ಹಕ್ಕುಸ್ವಾಮ್ಯ ಆ ದೇಶದಲ್ಲಿ 2024ರ ಜನವರಿ 1ರಂದು ಮುಗಿಯಿತು. ಅವುಗಳ ಜೊತೆ ಇದೂ ಅಲ್ಲಿ ಸಾರ್ವಜನಿಕರ ಸ್ವತ್ತಾಗಿದೆ. ಒಂದು ಸಂಜೆ ಬಿಡುವು ಮಾಡಿಕೊಂಡು ನೋಡಿ. ಮೊದಲ ಸಲ ಚೇನಿಯನ್ನು ನೋಡಿ. ಬೇರೆ ಯಾರನ್ನೂ ನೋಡಲು ಅವನು ಬಿಡುವುದಿಲ್ಲ. ಎರಡನೆಯ ಸಲ ಅವನ ಹಿಂದೆ ನಿಂತವರನ್ನು, ಹೆಸರಿನ ಪಟ್ಟಿಯಲ್ಲಿ ಇಲ್ಲದವರನ್ನು ನೋಡಿ.